ಹಿತ್ತಲಿನ ಗಂಧದ ಬೊಡ್ಡೆ

ನಾನು ಬಾಲಕನಾಗಿದ್ದಾಗ ನಮ್ಮ ಹಿತ್ತಲಿನ ಗಂಧದ ಮರವೊಂದು ಒಣಗಿತು. ಸರ್ಕಾರದ ಆಳುಗಳು ಅದನ್ನು ಕಡಿಯಲಿಲ್ಲ. ಸುತ್ತಲೂ ಅಗೆದು ಬೊಡ್ಡೆಯನ್ನು ಬೇರುಸಹಿತ ಕಿತ್ತೊಯ್ದರು. ಬೆರಳುಗಾತ್ರದ ಬೇರನ್ನೂ ಬಿಡಲಿಲ್ಲ. ಎಣ್ಣೆಯ ಅಂಶ ಹೆಚ್ಚಾಗಿರುವುದು ಬೇರಿನಲ್ಲಿಯೇ ಎಂಬುದು ಆಮೇಲೆ ತಿಳಿಯಿತು.

1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದುದನ್ನು ತರಗತಿಯಲ್ಲಿ ನಿಮಗೆ ಹೇಳಿದ್ದೆ. ಒಡೆಯರ ಕಾಲದಲ್ಲಿಯೂ ಸ್ವಾತಂತ್ರ್ಯಾನಂತರವೂ ಆ ಹಕ್ಕು ಸರ್ಕಾರದಲ್ಲಿಯೇ ಉಳಿಯಿತು. ನೆಲ ನಮ್ಮದು, ಮರ ಸರ್ಕಾರದ್ದು! ಕಳುವಾದರೆ ಉತ್ತರ ಹೇಳಬೇಕಾದವರು ಮಾತ್ರ ನಾವು. ಆದ್ದರಿಂದ ಗುಂಡಿಯ ಬದಿಯಲ್ಲಿ ಚಿಗುರಿದ ಗಂಧದ ಸಸಿಯನ್ನು ತಂದೆಯವರು ಸದ್ದಿಲ್ಲದೆ ಕಿತ್ತೆಸೆದರು. ಹೀಗೆ ಎಷ್ಟು ಹಿತ್ತಲುಗಳಲ್ಲಿ ಗಂಧವು ಮೊಳಕೆಯಲ್ಲಿಯೇ ಅಳಿಯಿತೋ!

2001ರ ತಿದ್ದುಪಡಿಯಿಂದ ಮರದ ಒಡೆತನ ನೆಲದ ಒಡೆಯನಿಗೆ ದಕ್ಕಿತು. ಆಗ ತಂದೆಯವರು ಇರಲಿಲ್ಲ. ಆ ಗುಂಡಿಯಲ್ಲಿ ಅವರು ನೆಟ್ಟ ತೆಂಗು ಮನೆಯೆತ್ತರ ಮೀರಿತ್ತು.