ಅಂಗುಳ ಶಸ್ತ್ರಚಿಕಿತ್ಸೆಯ ಬಳಿಕ ರುಚಿ–ವಾಸನೆಯ ವ್ಯತ್ಯಾಸ

ಗೊರಕೆಯನ್ನೂ ನಿದ್ರೆಯಲ್ಲಿ ಉಸಿರು ಕಟ್ಟುವುದನ್ನೂ (ಸ್ಲೀಪ್ ಅಪ್ನಿಯಾ) ತಗ್ಗಿಸಲು ಮೃದು ಅಂಗುಳ, ಕಿರುನಾಲಿಗೆ, ಟಾನ್ಸಿಲ್‌ಗಳನ್ನು ಕತ್ತರಿಸಿ ಅಥವಾ ಹೊಲಿದು ಗಂಟಲ ದಾರಿ ಅಗಲಿಸುವುದುಂಟು. ಇದರ ನಂತರ ಕೆಲವರಿಗೆ ಬಾಯಿರುಚಿ ಕೆಡುತ್ತದೆ. ಸ್ಲೀಪ್ ಅಪ್ನಿಯಾಕ್ಕೆ ಈ ಶಸ್ತ್ರಚಿಕಿತ್ಸೆಯನ್ನು ಬಳಕೆಗೆ ತಂದವರು ಡೆಟ್ರಾಯಿಟ್‌ನ ಶಿರೊ ಫುಜಿಟ, ವರ್ಷ 1981. ಗಾಳಿಯ ಒತ್ತಡದ ಮಾಸ್ಕ್ (ಸಿ-ಪ್ಯಾಪ್) ಬಂದದ್ದೂ ಅದೇ ವರ್ಷ. ಅಂಗುಳವನ್ನು ಮುಟ್ಟದ ಆ ಮಾಸ್ಕನ್ನೇ ಇಂದು ವೈದ್ಯರು ಹೆಚ್ಚಾಗಿ ಮೊದಲು ಸೂಚಿಸುತ್ತಾರೆ.

ರುಚಿಮೊಗ್ಗುಗಳು ನಾಲಿಗೆಯ ಮೇಲಷ್ಟೇ ಅಲ್ಲ, ಮೃದು ಅಂಗುಳದಲ್ಲೂ ಇವೆ. ಅಂಗುಳದ ರುಚಿಯನ್ನು ಮಿದುಳಿಗೆ ಒಯ್ಯುವುದು ಏಳನೆಯ ಕಪಾಲನರದ ಕವಲು. ನಾಲಿಗೆಯ ಹಿಂಭಾಗದ ರುಚಿ ಒಂಬತ್ತನೆಯ ನರದ ಪಾಲು. ಈ ನರದ ಕವಲು ಟಾನ್ಸಿಲ್ ಕುಳಿಯ ಕೆಳತುದಿಗೆ ತೀರ ಹತ್ತಿರ ಹಾಯುವುದರಿಂದ ಅಲ್ಲಿನ ಹೊಲಿಗೆ, ಬಿಸಿ, ಬಾವು ಅದಕ್ಕೆ ತಾಗಬಹುದು. ಬಾಯಿ ತೆರೆದಿಡುವ ಉಪಕರಣ ನಾಲಿಗೆಯನ್ನು ಹೊತ್ತುಗಟ್ಟಲೆ ಒತ್ತಿ ಹಿಡಿದದ್ದೂ ಕಾರಣವಾದೀತು. ಎಲ್ಲ ದೂರನ್ನೂ ಚಾಕುವಿನ ತಲೆಗೆ ಕಟ್ಟುವುದು ಸರಿಯಲ್ಲ: ಮೆಟ್ರೊನಿಡಜೋಲ್ ಮಾತ್ರೆ ಬಾಯಲ್ಲಿ ಲೋಹದ ರುಚಿ ತರುತ್ತದೆ, ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಸಿದರೆ ಉಪ್ಪು ಮಂಕಾಗುತ್ತದೆ, ಗಾಯದ ಬಿಳಿಪದರ ಉದುರುವವರೆಗೆ ಬಾಯಿ ನಾರುವುದು ಸಹಜ.

ವಾಸನೆ ಹಿಡಿಯುವ ಪೊರೆ ಮೂಗಿನ ಮೇಲ್ತುದಿಯಲ್ಲಿದೆ. ಶಸ್ತ್ರಚಿಕಿತ್ಸೆ ಅಲ್ಲಿಗೆ ಮುಟ್ಟುವುದಿಲ್ಲ. ಆದರೆ ಅಗಿದ ಅನ್ನದ ಪರಿಮಳ ಗಂಟಲ ಹಿಂದಿನಿಂದ ಮೂಗಿಗೇರಬೇಕು. ಅಂಗುಳ ಬಾತಿದ್ದರೆ, ಅಥವಾ ಅಪರೂಪಕ್ಕೆ ಗಾಯದ ಕಲೆ ಆ ದಾರಿಯನ್ನು ಕಿರಿದಾಗಿಸಿದರೆ, ಹೂವಿನ ವಾಸನೆ ತಿಳಿಯುತ್ತದೆ, ಊಟದ್ದು ತಿಳಿಯುವುದಿಲ್ಲ.

ಗದಗ ಸೀಮೆಯ ರೊಟ್ಟಿ ಊಟ ಇಲ್ಲಿ ಒಳ್ಳೆಯ ಪರೀಕ್ಷೆ. ಗುರೆಳ್ಳು ಚಟ್ನಿಯ ಉಪ್ಪು ನಾಲಿಗೆಗೆ, ಹುರಿದ ಘಮ ಮೂಗಿಗೆ, ಮೆಣಸಿನಕಾಯಿಯ ಉರಿಯೋ ಮುಖ್ಯವಾಗಿ ಐದನೆಯ ನರಕ್ಕೆ ಸೇರಿದ್ದು. ‘ಖಾರ ಹತ್ತತೈತ್ರಿ, ರುಚಿ ಹತ್ತವಲ್ದು’ ಎಂದು ಒಬ್ಬರು ಹೇಳಿದರೆ ಅದರಲ್ಲಿ ವಿರೋಧಾಭಾಸವೇನೂ ಇಲ್ಲ. ಉರಿಯ ನರ ಗಟ್ಟಿಯಾಗಿದೆ ಎಂದಷ್ಟೇ ಅರ್ಥ. ವೈದ್ಯರು ಸಕ್ಕರೆ, ಉಪ್ಪು, ಹುಳಿ, ಕಹಿಯ ದ್ರಾವಣಗಳನ್ನು ನಾಲಿಗೆಯ ಬೇರೆ ಬೇರೆ ಜಾಗಕ್ಕೆ ಹನಿಸಿ, ಒಂದೊಂದೇ ಹೊಳ್ಳೆಗೆ ಕಾಫಿಪುಡಿ ಹಿಡಿದು ನೋಡುತ್ತಾರೆ. ಸ್ಲೀಪ್ ಅಪ್ನಿಯಾ ಇದ್ದವರಲ್ಲಿ ವಾಸನೆ ಮೊದಲೇ ಮಂದವಾಗಿರುವುದುಂಟು. ಆದ್ದರಿಂದ ಶಸ್ತ್ರಚಿಕಿತ್ಸೆಗೆ ಮುಂಚೆಯೇ ಒಮ್ಮೆ ಪರೀಕ್ಷಿಸಿ ಬರೆದಿಡುವುದು ಮೇಲು. ಇಲ್ಲದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ.

ಹೆಚ್ಚಿನವರಿಗೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ರುಚಿ ಮರಳುತ್ತದೆ. ಕೆಲವೇ ಮಂದಿಗೆ ತೊಂದರೆ ಉಳಿದುಬಿಡುತ್ತದೆ. ಸತುವಿನ ಮಾತ್ರೆಯಿಂದ ಪ್ರಯೋಜನ ನಿರೀಕ್ಷಿಸಬಹುದಾದದ್ದು ದೇಹದಲ್ಲಿ ಸತುವಿನ ಕೊರತೆ ಇದ್ದಾಗ. ಸಪ್ಪೆಯೆಂದು ಉಪ್ಪು ಸುರಿದುಕೊಳ್ಳುವುದು ಅಪಾಯ, ಏಕೆಂದರೆ ಈ ರೋಗಿಗಳಲ್ಲಿ ಅನೇಕರಿಗೆ ರಕ್ತದೊತ್ತಡವೂ ಇರುತ್ತದೆ. ಹುಳಿ, ಕರಿಮೆಣಸು, ಒಗ್ಗರಣೆಯ ಘಮ ವಾಸಿ, ಅದೂ ಗಾಯ ಮಾಗಿದ ಮೇಲೆ.

ಕುಡಿದ ನೀರು ಮೂಗಿನಲ್ಲಿ ಬರುವುದು, ಮೂಗಿನಿಂದ ಉಸಿರಾಡಲಾಗದಿರುವುದು, ಗಂಟಲಿನಿಂದ ರಕ್ತ ಬರುವುದು ಕಾಯುವ ಲಕ್ಷಣಗಳಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯವರಿಗೆ ಜಿಲ್ಲೆಯ ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಗದಗದ ಮಲ್ಲಸಮುದ್ರದ ಜಿಮ್ಸ್. ರಕ್ತ ಬರುತ್ತಿದ್ದರೆ ಮಾತ್ರ ಮೊದಲು ಸಿಕ್ಕ ಆಸ್ಪತ್ರೆಗೇ ಹೋಗಬೇಕು.