ಸೂಕ್ಷ್ಮಜೀವಿ ಸಮೂಹಗಳಲ್ಲಿ ಉತ್ಪರಿವರ್ತನೆ ಮತ್ತು ಆಯ್ಕೆಯ ಗಣಿತೀಯ ಮಾದರಿ

ಬ್ಯಾಕ್ಟೀರಿಯಾ, ವೈರಸ್ ಮೊದಲಾದವುಗಳ ಸಮೂಹವು ಪೀಳಿಗೆಯಿಂದ ಪೀಳಿಗೆಗೆ ಹೇಗೆ ಬದಲಾಗುತ್ತದೆ ಎಂಬುದನ್ನು ಸಮೀಕರಣಗಳ ಮೂಲಕ ವಿವರಿಸುವ ವಿಧಾನವನ್ನು ಉತ್ಪರಿವರ್ತನೆ ಮತ್ತು ಆಯ್ಕೆಯ ಗಣಿತೀಯ ಮಾದರಿ ಎನ್ನುತ್ತಾರೆ. ಉತ್ಪರಿವರ್ತನೆಯು ಆನುವಂಶಿಕ ವಸ್ತುವಿನಲ್ಲಿ ಆಕಸ್ಮಿಕವಾಗಿ ಉಂಟಾಗುವ ಬದಲಾವಣೆ. ಆ ಬದಲಾವಣೆ ಉಳಿಯುವುದೋ ಅಳಿಯುವುದೋ ಎಂಬುದನ್ನು ನೈಸರ್ಗಿಕ ಆಯ್ಕೆ ಮತ್ತು ಆಕಸ್ಮಿಕತೆಗಳೆರಡೂ ಸೇರಿ ನಿರ್ಧರಿಸುತ್ತವೆ.

ಇತಿಹಾಸ

1927ರಲ್ಲಿ ಜೆ. ಬಿ. ಎಸ್. ಹಾಲ್ಡೇನ್ ಅವರು ಲಾಭದಾಯಕ ಉತ್ಪರಿವರ್ತನೆಯೊಂದು ಸಮೂಹದಲ್ಲಿ ನೆಲೆಗೊಳ್ಳುವ ಸಂಭವನೀಯತೆಯನ್ನು ಲೆಕ್ಕಹಾಕಿದರು. ಬ್ಯಾಕ್ಟೀರಿಯಾಗಳಲ್ಲಿ ವೈರಸ್ ನಿರೋಧಕತೆಯು ವೈರಸ್‌ನ ಸಂಪರ್ಕಕ್ಕೆ ಮೊದಲೇ ಆಕಸ್ಮಿಕವಾಗಿ ಹುಟ್ಟಿರುತ್ತದೆ ಎಂದು ಲೂರಿಯಾ ಮತ್ತು ಡೆಲ್‌ಬ್ರುಕ್ 1943ರಲ್ಲಿ ತೋರಿಸಿದರು.

ಮಾದರಿಯ ಸ್ವರೂಪ

ಒಂದು ಸಮೂಹದ ಶೇ. 1ರಷ್ಟು ಕೋಶಗಳು ಉಳಿದವುಗಳಿಗಿಂತ ಪ್ರತಿ ಪೀಳಿಗೆಯಲ್ಲಿ ಶೇ. 10ರಷ್ಟು ಹೆಚ್ಚು ಸಂತತಿ ಪಡೆಯುತ್ತವೆ ಎಂದುಕೊಳ್ಳೋಣ. ಎರಡು ಬಗೆಯ ಕೋಶಗಳ ಅನುಪಾತವು ಪ್ರತಿ ಪೀಳಿಗೆಗೆ 1.1 ಪಟ್ಟಾಗುವುದರಿಂದ, ಸುಮಾರು 48 ಪೀಳಿಗೆಗಳಲ್ಲಿ ಅವು ಸಮೂಹದ ಅರ್ಧದಷ್ಟಾಗುತ್ತವೆ. ಅನುಕೂಲ ಪರಿಸ್ಥಿತಿಯಲ್ಲಿ 20 ನಿಮಿಷಕ್ಕೊಮ್ಮೆ ವಿಭಜಿಸುವ ಬ್ಯಾಕ್ಟೀರಿಯಾಗೆ ಇದು ಕೇವಲ 16 ಗಂಟೆಗಳ ಅವಧಿ.

ಆದರೆ ಹೊಸ ಉತ್ಪರಿವರ್ತನೆಯು ಮೊದಲಿಗೆ ಒಂದೇ ಕೋಶದಲ್ಲಿರುತ್ತದೆ. ಹಾಲ್ಡೇನ್ ಅವರ ಸೂತ್ರದಂತೆ, ಶೇ. 1ರಷ್ಟು ಲಾಭ ನೀಡುವ ಉತ್ಪರಿವರ್ತನೆ ಉಳಿಯುವ ಸಂಭವ ಸುಮಾರು ಶೇ. 2 ಮಾತ್ರ. ಆದ್ದರಿಂದ ಒಳ್ಳೆಯ ಬದಲಾವಣೆಗಳಲ್ಲಿಯೂ ಹೆಚ್ಚಿನವು ಆರಂಭದಲ್ಲೇ ನಶಿಸುತ್ತವೆ.

ಬೆಂಗಳೂರಿನಲ್ಲಿ ಸಂಶೋಧನೆ

ಉತ್ತರ ಬೆಂಗಳೂರಿನ ಮೂರು ಸಂಸ್ಥೆಗಳು ಈ ವಿಷಯದೊಂದಿಗೆ ಸಂಬಂಧ ಹೊಂದಿವೆ. ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಭೌತವಿಜ್ಞಾನಿ ಕವಿತಾ ಜೈನ್ ಅವರು ವಿಕಾಸದ ಸೈದ್ಧಾಂತಿಕ ಮಾದರಿಗಳನ್ನು ರೂಪಿಸಿದ್ದಾರೆ. ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ದೀಪಾ ಅಗಾಶೆ ಅವರ ತಂಡ ಬ್ಯಾಕ್ಟೀರಿಯಾಗಳ ಮೇಲೆ ಪ್ರಯೋಗ ನಡೆಸುತ್ತದೆ. ಹೆಸರಘಟ್ಟ ಹೋಬಳಿಯ ಶಿವಕೋಟೆಯಲ್ಲಿರುವ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರವು ಸಮೂಹ ತಳಿವಿಜ್ಞಾನ ಹಾಗೂ ವಿಕಾಸದ ಕುರಿತ ಶಿಬಿರಗಳಿಗೆ ನೆಲೆಯಾಗಿದೆ.

ಕೆನಡಾದ ಗಣಿತಜ್ಞೆ ಲಿಂಡಿ ವಾಲ್ ಅವರೊಡನೆ ಅಗಾಶೆಯವರ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನವು ಪ್ರಯೋಗ ಮತ್ತು ಗಣಿತಗಳನ್ನು ಬೆಸೆಯಿತು. ಯಾವುದೇ ಜೀವಿಯಲ್ಲಿ ಕೆಲವು ಬಗೆಯ ಉತ್ಪರಿವರ್ತನೆಗಳು ಹೆಚ್ಚಾಗಿಯೂ ಕೆಲವು ವಿರಳವಾಗಿಯೂ ಉಂಟಾಗುತ್ತವೆ. ಡಿಎನ್‌ಎ ದುರಸ್ತಿಯ ಜೀನ್ ಒಂದನ್ನು ತೆಗೆದ ಎಶೆರಿಷಿಯಾ ಕೋಲೈ ತಳಿಯಲ್ಲಿ ಈ ಒಲವು ಬದಲಾಯಿತು. ಲಾಭದಾಯಕ ಉತ್ಪರಿವರ್ತನೆಗಳ ಪಾಲು ಹೆಚ್ಚಿತು. ಹಿಂದೆ ವಿರಳವಾಗಿದ್ದ ಬಗೆಗಳು ಈಗ ದೊರೆತುದೇ ಇದಕ್ಕೆ ಕಾರಣವೆಂದು ಮಾದರಿ ವಿವರಿಸುತ್ತದೆ.

ಮಹತ್ವ

ಪ್ರತಿಜೀವಕ ನಿರೋಧಕತೆಯನ್ನು ಅರಿಯಲು ಈ ಮಾದರಿಗಳು ನೆರವಾಗುತ್ತವೆ. ಒಂದು ಔಷಧಕ್ಕೆ ನಿರೋಧಕತೆ ಹತ್ತು ಕೋಟಿ ಕೋಶಗಳಲ್ಲಿ ಒಂದರಲ್ಲಿ ಹುಟ್ಟುವುದಾದರೆ, ಅಂತಹ ಎರಡು ಔಷಧಗಳಿಗೆ ಸ್ವತಂತ್ರವಾಗಿ ಒಂದೇ ಕೋಶದಲ್ಲಿ ನಿರೋಧಕತೆ ಹುಟ್ಟುವ ಸಂಭವ ಹತ್ತು ಕೋಟಿಯ ವರ್ಗಕ್ಕೆ ಒಂದರಷ್ಟು. ಕ್ಷಯರೋಗಕ್ಕೆ ಹಲವು ಔಷಧಗಳನ್ನು ಒಟ್ಟಿಗೆ ಕೊಡುವುದರ ಹಿಂದೆ ಈ ತರ್ಕವಿದೆ.