ಸೋಡಚಿಟ್ಟಿಯೂ ಮನೆಯ ಹಕ್ಕೂ: ಚಿಕ್ಕೋಡಿ ಸೀಮೆಯ ಒಂದು ವಿಚಾರ

ವಿವಾಹವಿಚ್ಛೇದನವು 1955ರ ಹಿಂದೂ ವಿವಾಹ ಕಾಯದೆಯೊಡನೆ ನಮ್ಮಲ್ಲಿಗೆ ಬಂದ ಹೊಸ ಸಂಗತಿಯೆಂಬ ಅಭಿಪ್ರಾಯವು ವಿದ್ಯಾವಂತರಲ್ಲಿ ಇನ್ನೂ ಬಲವಾಗಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಮಟ್ಟಿಗೆ ಈ ಅಭಿಪ್ರಾಯವು ಸಲ್ಲದು. ಇಲ್ಲಿಯ ಅನೇಕ ಜಾತಿಗಳಲ್ಲಿ ಪಂಚರ ಸಮಕ್ಷಮ ಸೋಡಚಿಟ್ಟಿ ಬರೆದುಕೊಡುವುದೂ, ಹಾಗೆ ಬಿಡುಗಡೆ ಹೊಂದಿದ ಹೆಂಗಸು ಉಡಿಕೆಯಾಗುವುದೂ ಹಳೆಯ ರೂಢಿಗಳು. ದಖ್ಖಣದ ಜಾತಿಗಳ ಕಟ್ಟಳೆಗಳನ್ನು ಕುರಿತು ಆರ್ಥರ್ ಸ್ಟೀಲನು 1827ರಲ್ಲಿ ಸಂಗ್ರಹಿಸಿದ ಗ್ರಂಥದಲ್ಲಿಯೂ, 1884ರ ಬೆಳಗಾವಿ ಗ್ಯಾಝೆಟಿಯರಿನಲ್ಲಿಯೂ ಇಂತಹ ರೂಢಿಗಳ ಉಲ್ಲೇಖವುಂಟು. ಆದರೆ ಸಂಸಾರ ಮುರಿದ ಮೇಲೆ ವಾಸದ ಮನೆ ಯಾರಿಗೆ ಎಂಬ ಪ್ರಶ್ನೆಯನ್ನು ಆ ರೂಢಿ ಎತ್ತಿದಂತೆ ಕಾಣುವುದಿಲ್ಲ. ಪ್ರಸ್ತುತ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಈ ಪ್ರಶ್ನೆಯನ್ನೇ.

ಅದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಮನೆ ಗಂಡನೊಬ್ಬನದಾಗಿರಲಿಲ್ಲ. ಮಾವ, ಭಾವ, ಮೈದುನರು ಕೂಡಿದ ಅವಿಭಕ್ತ ಕುಟುಂಬದ ಸೊತ್ತು ಅದು. ಸೊಸೆಯಾಗಿ ಬಂದವಳಿಗೆ ಅಲ್ಲಿ ಅನ್ನವಿತ್ತು, ನೆರಳಿತ್ತು, ಹಿಸ್ಸೆಯಿರಲಿಲ್ಲ. ಪಂಚರು ಒಡವೆ, ಮದುವೆಯ ವೆಚ್ಚ, ಮಕ್ಕಳು ಇವುಗಳನ್ನು ಕುರಿತು ತೀರ್ಮಾನ ಹೇಳುತ್ತಿದ್ದರು. ಹೆಂಗಸು ತವರಿಗೆ ಮರಳುವಳೆಂಬುದು ಹೇಳದೆಯೇ ಒಪ್ಪಿದ ಮಾತಾಗಿತ್ತು.

ಬ್ರಿಟಿಷ್ ನ್ಯಾಯಾಲಯಗಳು ಈ ವ್ಯವಸ್ಥೆಯನ್ನು ಅಲುಗಿಸಿದವೇ ಹೊರತು ಬೇರೊಂದನ್ನು ಕಟ್ಟಿಕೊಡಲಿಲ್ಲ. ಗಂಡನ ಒಪ್ಪಿಗೆಯಿಲ್ಲದೆ ಜಾತಿಯ ಪಂಚಾಯತಿಯು ಹೆಂಡತಿಗೆ ಮರುಮದುವೆಯ ಅಪ್ಪಣೆ ಕೊಡಲಾರದೆಂದು ಮುಂಬಯಿ ಹೈಕೋರ್ಟು 1876ರಲ್ಲಿ ತೀರ್ಪಿತ್ತಿತು. ರಾಯಬಾಗದ ಸ್ಥಿತಿ ಬೇರೆ. ಅದು 1949ರ ವರೆಗೆ ಕೋಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿ ಶಾಹು ಛತ್ರಪತಿಗಳು 1919ರ ಸುಮಾರಿನಲ್ಲಿಯೇ ವಿವಾಹ, ವಿಚ್ಛೇದನಗಳನ್ನು ಕುರಿತು ನಿಬಂಧನೆಗಳನ್ನು ಹೊರಡಿಸಿದ್ದರು. ಮುಂಬಯಿ ಪ್ರಾಂತದಲ್ಲಿ ಹಿಂದೂ ವಿಚ್ಛೇದನ ಕಾಯದೆಯಾದದ್ದು 1947ರಲ್ಲಿ.

1955ರ ಕಾಯದೆಯು 29ನೆಯ ಕಲಮಿನಲ್ಲಿ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿತು. 25ನೆಯ ಕಲಮಿನಂತೆ ಪೋಟಗಿಯ ಹಣಕ್ಕಾಗಿ ಎದುರು ಪಕ್ಷದ ಸ್ಥಾವರ ಆಸ್ತಿಯ ಮೇಲೆ ಬೋಜಾ ಕೂರಿಸುವ ಅಧಿಕಾರವು ನ್ಯಾಯಾಲಯಕ್ಕೆ ಬಂದಿತು. ಮನೆಯನ್ನು ಪಾಲು ಮಾಡಿಕೊಡುವ ನಿಯಮ ಮಾತ್ರ ಅದರಲ್ಲಿಲ್ಲ. ಈ ಕೊರತೆಯ ಫಲವೇನೆಂಬುದನ್ನು ಕರ್ನಾಟಕದಿಂದ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಿ 2005ರಲ್ಲಿ ತೀರ್ಮಾನವಾದ ಬಾಡಿಗೆ ಮನೆಯ ಮೊಕದ್ದಮೆಯೊಂದು ಚೆನ್ನಾಗಿ ತೋರಿಸುತ್ತದೆ. ಗಂಡನು ಬಿಟ್ಟುಹೋದ ಮನೆಯಲ್ಲಿ ಹೆಂಡತಿ ವಾಸವಾಗಿದ್ದಳು. ಮಾಲಿಕನು ಮನೆ ಬಿಡಿಸಲು ದಾವೆ ಹೂಡಿದನು. ಗಂಡ ಬಿಟ್ಟ ಹೆಂಡತಿಯು ಅಂಥ ದಾವೆಯಲ್ಲಿ ತಾನೇ ನಿಂತು ವಾದಿಸಬಹುದೆಂದು ನ್ಯಾಯಾಲಯವು ಒಪ್ಪಿತು. ಆದರೆ ಅಷ್ಟರಲ್ಲಿ ಪರಸ್ಪರ ಸಮ್ಮತಿಯ ವಿಚ್ಛೇದನವಾಗಿಹೋಗಿತ್ತು. ವಿಚ್ಛೇದಿತೆಯ ವಾಸದ ಹಕ್ಕು ಡಿಕ್ರಿಯ ಕರಾರುಗಳನ್ನು ಅವಲಂಬಿಸಿದೆಯೆಂದು ನ್ಯಾಯಾಲಯವು ಹೇಳಿತು. ಆಕೆಯ ಅರ್ಜಿ ಬಿದ್ದುಹೋಯಿತು. ಸಮ್ಮತಿಯ ಕಾಗದಕ್ಕೆ ರುಜು ಹಾಕುವ ದಿನವೇ ಮನೆಯ ಮಾತು ತೀರ್ಮಾನವಾಗಬೇಕು, ಅದೂ ಬರವಣಿಗೆಯಲ್ಲಿ. ಬೇಗ ಬಿಡುಗಡೆಯಾದರೆ ಸಾಕೆಂಬ ಆತುರದಲ್ಲಿ ಬಿಟ್ಟುಹೋಗುವುದು ಬಹುಮಟ್ಟಿಗೆ ಇದೇ ಮಾತು.

2005ರ ಕೌಟುಂಬಿಕ ಹಿಂಸೆಯ ಕಾಯದೆಯು ಮರುವರ್ಷ ಜಾರಿಗೆ ಬಂದು, ಒಡೆತನವಿಲ್ಲದವಳಿಗೂ ಕೂಡಿಬಾಳಿದ ಮನೆಯಲ್ಲಿ ವಾಸದ ಹಕ್ಕನ್ನು ಕೊಟ್ಟಿತು. ಆ ಮನೆ ಅತ್ತೆಮಾವಂದಿರ ಹೆಸರಿನಲ್ಲಿದ್ದರೂ ಈ ಹಕ್ಕು ಸಲ್ಲಬಹುದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ನಿರ್ಣಯಿಸಿತು. ಅವಿಭಕ್ತ ಕುಟುಂಬಗಳೇ ಹೆಚ್ಚಾಗಿದ್ದ ನಮ್ಮ ಸೀಮೆಗೆ ಇದು ದೊಡ್ಡ ಮಾತು. ಆದರೂ ವಾಸ ಬೇರೆ, ಒಡೆತನ ಬೇರೆ. ವೃದ್ಧರಾದ ಅತ್ತೆಮಾವಂದಿರ ನೆಮ್ಮದಿಯನ್ನೂ ತೂಗಿ ನೋಡಬೇಕೆಂದು ಅದೇ ತೀರ್ಪು ಹೇಳಿದೆ.

ಇನ್ನು ತವರುಮನೆ. 1956ರ ಉತ್ತರಾಧಿಕಾರ ಕಾಯದೆಯ 23ನೆಯ ಕಲಮು, ಗಂಡುವಾರಸುದಾರರು ಪಾಲಾಗುವ ವರೆಗೆ ಹೆಣ್ಣುಮಕ್ಕಳು ವಾಸದ ಮನೆಯಲ್ಲಿ ಪಾಲು ಕೇಳದಂತೆ ತಡೆದಿತ್ತು. ಅವಿವಾಹಿತೆ, ವಿಧವೆ, ಗಂಡ ಬಿಟ್ಟವಳು, ಗಂಡನಿಂದ ಅಗಲಿದವಳು ಇವರಿಗೆ ಮಾತ್ರ ವಾಸದ ಹಕ್ಕು. ಆ ಕಲಮು 2005ರಲ್ಲಿ ರದ್ದಾಯಿತು. ಕಾಯದೆಯ ತಡೆ ಹೋದರೂ ಮನೆಯವರ ತಡೆ ಹೋಗಲಿಲ್ಲ. ಇಲ್ಲಿ ಮರಾಠಿಯಿಂದ ಬಂದ ಇನ್ನೊಂದು ಶಬ್ದವನ್ನು ಗಮನಿಸಬೇಕು: ಹಕ್ಕಸೋಡ. ಮದುವೆಯಾಗಿ ಹೋದ ಅಕ್ಕತಂಗಿಯರು ಅಣ್ಣತಮ್ಮಂದಿರ ಪರವಾಗಿ ಬರೆದುಕೊಡುವ ಪತ್ರವದು. ಎರಡರಲ್ಲಿಯೂ ಇರುವುದು ‘ಬಿಡು’ ಎಂಬರ್ಥದ ಒಂದೇ ಧಾತು. ಒಂದರಲ್ಲಿ ಗಂಡನು ಹೆಂಡತಿಯನ್ನು ಬಿಡುತ್ತಾನೆ, ಇನ್ನೊಂದರಲ್ಲಿ ಆಕೆಯೇ ತವರಿನ ಪಾಲನ್ನು ಬಿಡುತ್ತಾಳೆ. ಸೋಡಚಿಟ್ಟಿ ಕೈಗೆ ಬರುವ ಹೊತ್ತಿಗೆ ಹಕ್ಕಸೋಡಕ್ಕೆ ರುಜು ಎಂದೋ ಬಿದ್ದಿರುವುದುಂಟು.

ಆದುದರಿಂದ ಮನೆಯನ್ನು ಕುರಿತು ನಿರ್ಧರಿಸುವ ಮುನ್ನ ಎರಡೂ ಮನೆಗಳ ಕಾಗದಗಳನ್ನು ನೋಡುವುದು ಯುಕ್ತ. ಉತಾರದಲ್ಲಿ ಹೆಸರು ಕಡಿಮೆಯಾದ ಮಾತ್ರಕ್ಕೆ ಒಡೆತನವು ಹೋಗುವುದಿಲ್ಲ. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಸ್ಥಾವರ ಆಸ್ತಿಯ ಹಕ್ಕನ್ನು ಬಿಟ್ಟುಕೊಡುವ ಪತ್ರವು 1908ರ ಕಾಯದೆಯಂತೆ ನೋಂದಣಿಯಾಗಿರಬೇಕು. ಅದು ನೋಂದಣಿಯಾಗಿದೆಯೋ ಇಲ್ಲವೋ ಎಂಬುದನ್ನು ಸಬ್‌ರಜಿಸ್ಟ್ರಾರರ ಕಚೇರಿಯಲ್ಲಿ ಹುಡುಕಿಸಿ ತಿಳಿಯಬಹುದು.